ರೊಟ್ಟಿಯ ಮೂಲ, ಹಂಚಿನ ಸಾಕ್ಷ್ಯ

ಒಂದು ತಿನಿಸು ಎಲ್ಲಿ ಹುಟ್ಟಿತು ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಮೂರು ಬಗೆಯ ಆಧಾರಗಳು ಸಿಗುತ್ತವೆ: ಅದಕ್ಕೆ ಬಳಸುವ ಧಾನ್ಯ, ಅದನ್ನು ಬಣ್ಣಿಸಿದ ಬರಹ ಮತ್ತು ಅದನ್ನು ಬೇಯಿಸುವ ಪರಿಕರ. ಈ ಮೂರೂ ಒಂದೇ ನೆಲದತ್ತ ಬೆರಳು ಮಾಡುವುದು ಅಪರೂಪ. ಧಾನ್ಯ ಕಡಲು ದಾಟಿ ಬಂದಿರಬಹುದು. ಬರಹ ಅರಮನೆಯ ಅಡುಗೆಯನ್ನಷ್ಟೇ ಕಂಡಿರಬಹುದು. ಪರಿಕರ ಮಾತ್ರ ಕುಂಬಾರ, ಕಂಬಾರ, ಬಡಿಗರ ಕೈಯಲ್ಲಿ ತಲೆಮಾರುಗಳವರೆಗೆ ಹೆಚ್ಚು ಬದಲಾಗದೆ ಉಳಿಯುತ್ತದೆ. ಹಾಗಾಗಿ ಅಡುಗೆಯ ಚರಿತ್ರೆ ಬರೆಯುವವರಿಗೆ ಹಂಚು, ಅಚ್ಚು, ಬೀಸುವ ಕಲ್ಲುಗಳು ಶಾಸನದಷ್ಟೇ ಬೆಲೆಯುಳ್ಳವು.

ವಿಜಯಪುರ ಜಿಲ್ಲೆಯ ಜೋಳದ ರೊಟ್ಟಿ ಈ ದೃಷ್ಟಿಯಿಂದ ಪರಿಶೀಲನೆಗೆ ತಕ್ಕ ವಸ್ತು. ತಿಕೋಟಾ ತಾಲೂಕಿನ ಕನಮಡಿ ಮಹಾರಾಷ್ಟ್ರದ ಜತ್ತ ತಾಲೂಕಿಗೆ ಹತ್ತಿಕೊಂಡಂತಿರುವ ಊರು. ಗಡಿಯ ಈಚೆ ರೊಟ್ಟಿ ಎನಿಸಿಕೊಳ್ಳುವುದು ಆಚೆ ಭಾಕರಿ ಎನಿಸಿಕೊಳ್ಳುತ್ತದೆ. ಹಿಟ್ಟು, ಹಂಚು, ಕೈಬಡಿತ ಎರಡೂ ಕಡೆ ಒಂದೇ. ಇಂಥ ತಿನಿಸಿನ ಮೂಲವನ್ನು ಒಂದು ಭಾಷೆಗೋ ರಾಜ್ಯಕ್ಕೋ ಬರೆದುಕೊಡುವುದು ಸುಲಭವಲ್ಲ. ಇದೇ ಬಗೆಯ ತೊಡಕು ಜಗತ್ತಿನ ಇನ್ನೊಂದು ಮೂಲೆಯಲ್ಲಿ ಎದ್ದು, ಕೊನೆಗೆ ಕಬ್ಬಿಣದ ಒಂದು ಪರಿಕರದಿಂದ ಬಹುಮಟ್ಟಿಗೆ ಬಗೆಹರಿದಿದೆ. ಮೊದಲು ಆ ಪ್ರಕರಣವನ್ನು ನೋಡುವುದು ಅನುಕೂಲ.

ಅಚ್ಚಿನಿಂದ ಬಗೆಹರಿದ ವಿವಾದ

ಅಮೆರಿಕದ ಚೀನೀ ಹೋಟೆಲುಗಳಲ್ಲಿ ಊಟ ಮುಗಿದ ಮೇಲೆ ಫಾರ್ಚೂನ್ ಕುಕ್ಕಿ ಎಂಬ ಮಡಚಿದ ತೆಳು ಬಿಸ್ಕತ್ತು ಕೊಡುತ್ತಾರೆ. ಅದನ್ನು ಮುರಿದರೆ ಒಳಗೆ ಭವಿಷ್ಯವನ್ನೋ ಹಿತನುಡಿಯನ್ನೋ ಅಚ್ಚು ಹಾಕಿದ ಚೀಟಿ ಇರುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ತಯಾರಾಗುತ್ತವೆ ಎಂಬ ಅಂದಾಜಿರುವ ಈ ತಿನಿಸು ಚೀನಾದಲ್ಲಿ ಮಾತ್ರ ರೂಢಿಯಲ್ಲಿಲ್ಲ. ಇದನ್ನು ಮೊದಲು ಮಾಡಿದವರು ತಾವೇ ಎಂದು ಕ್ಯಾಲಿಫೋರ್ನಿಯಾದ ಹಲವರು ಹೇಳಿಕೊಂಡಿದ್ದಾರೆ. ಲಾಸ್ ಏಂಜಲೀಸ್‌ನ ಹಾಂಗ್‌ಕಾಂಗ್ ನೂಡಲ್ ಕಂಪನಿಯ ಡೇವಿಡ್ ಜಂಗ್ ಅವರದು ಚೀನೀ ಪಕ್ಷ. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಉದ್ಯಾನದಲ್ಲಿ 1894ರ ವಸ್ತುಪ್ರದರ್ಶನಕ್ಕಾಗಿ ನಿರ್ಮಾಣವಾದ ಜಪಾನೀ ಚಹಾ ತೋಟವನ್ನು ನೋಡಿಕೊಳ್ಳುತ್ತಿದ್ದ ಮಕೋಟೊ ಹಗಿವಾರ ಅವರದು ಜಪಾನೀ ಪಕ್ಷ. 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅರ್ಧ ವಿನೋದಕ್ಕೆಂದು ನಡೆದ ಅಣಕು ನ್ಯಾಯಾಲಯ ಹಗಿವಾರ ಅವರ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿ ಹಾಜರುಪಡಿಸಿದ ಸಾಕ್ಷ್ಯಗಳಲ್ಲಿ ದುಂಡಗಿನ ಕರಿ ಕಬ್ಬಿಣದ ಅಚ್ಚುಗಳೂ ಇದ್ದವು.

ಅಚ್ಚಿನ ಜಾಡು ಹಿಡಿದು ಇನ್ನೂ ಹಿಂದಕ್ಕೆ ಹೋದವರು ಜಪಾನಿನ ಜಾನಪದ ಸಂಶೋಧಕಿ ಯಾಸುಕೊ ನಕಾಮಾಚಿ. ಕ್ಯೋಟೊ ನಗರದ ಫುಶಿಮಿ ಇನಾರಿ ದೇವಾಲಯದ ಹತ್ತಿರ ಕೆಲವು ಮನೆತನಗಳು ತ್ಸುಜಿಉರಾ ಸೆನ್‌ಬೆ ಎಂಬ ಬಿಸ್ಕತ್ತನ್ನು ಕೈಯಿಂದಲೇ ಮಾಡುತ್ತ ಬಂದಿರುವುದನ್ನು ಅವರು ಗುರುತಿಸಿದರು. ಅಲ್ಲಿ ಬಳಸುವ ಪರಿಕರದ ಹೆಸರು ಕಾತಾ. ಇಕ್ಕಳದಂತೆ ತೆರೆದು ಮುಚ್ಚುವ ಇದಕ್ಕೆ ಉದ್ದನೆಯ ಹಿಡಿಕೆಗಳೂ ತುದಿಯಲ್ಲಿ ಎರಡು ದುಂಡು ಕಬ್ಬಿಣದ ಬಿಲ್ಲೆಗಳೂ ಇರುತ್ತವೆ. ಬಿಲ್ಲೆಗಳ ನಡುವೆ ಹಿಟ್ಟು ಸುರಿದು, ಮುಚ್ಚಿ, ಉರಿಯ ಮೇಲೆ ಹಿಡಿದು, ಬೆಂದ ಕೂಡಲೇ ತೆಗೆದು ಮಡಚುತ್ತಾರೆ. ಈ ಬಿಸ್ಕತ್ತು ಅಮೆರಿಕದ್ದಕ್ಕಿಂತ ದೊಡ್ಡದು, ಬಣ್ಣದಲ್ಲಿ ಕಂದು. ರುಚಿಗೆ ಎಳ್ಳು ಮತ್ತು ಮಿಸೊ ಎಂಬ ಹುದುಗಿಸಿದ ಸೋಯಾಕಾಳಿನ ಮುದ್ದೆ ಹಾಕುತ್ತಾರೆ. ಚೀಟಿಯನ್ನು ಹೊಟ್ಟೆಯೊಳಗೆ ತುಂಬದೆ ಹೊರಮಡಿಕೆಯಲ್ಲಿ ಸಿಕ್ಕಿಸುತ್ತಾರೆ. 1878ರಲ್ಲಿ ಜಪಾನಿನಲ್ಲಿ ಅಚ್ಚಾದ ಕಥಾ ಪುಸ್ತಕವೊಂದರ ಚಿತ್ರದಲ್ಲಿ, ಅಂಗಡಿಯ ಕೆಲಸದವನೊಬ್ಬ ಇಂಥವೇ ಹಲವು ಅಚ್ಚುಗಳನ್ನು ಕೆಂಡದ ಮೇಲೆ ಸಾಲಾಗಿ ಇಟ್ಟು ಬೇಯಿಸುತ್ತಿದ್ದಾನೆ. ಕ್ಯಾಲಿಫೋರ್ನಿಯಾದ ಎಲ್ಲ ಹಕ್ಕುದಾರಿಕೆಗಳಿಗಿಂತಲೂ ಆ ಚಿತ್ರ ಹಳೆಯದು.

ಜಪಾನೀಯರ ಕೈಯಲ್ಲಿದ್ದ ತಿನಿಸು ಚೀನೀಯರದೆಂದು ಹೆಸರಾದದ್ದಕ್ಕೆ ಕಾರಣ ರಾಜಕೀಯದಲ್ಲಿದೆ. 1942ರಲ್ಲಿ ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯಿಂದ ಸುಮಾರು 1,20,000 ಜಪಾನೀ ಮೂಲದವರನ್ನು ಶಿಬಿರಗಳಿಗೆ ಕೂಡಿಹಾಕಿತು. ಅವರ ಬೇಕರಿಗಳು ಮುಚ್ಚಿದವು. ಬೇಡಿಕೆ ಮಾತ್ರ ನಿಲ್ಲಲಿಲ್ಲ. ಆ ಜಾಗವನ್ನು ಚೀನೀ ಮೂಲದ ತಯಾರಕರು ತುಂಬಿದರು. ಮುಂದೆ ಮಡಚುವ ಕೆಲಸವನ್ನೂ ಯಂತ್ರವೇ ಮಾಡತೊಡಗಿದ ಮೇಲೆ ಅಮೆರಿಕದಲ್ಲಿ ಕಾತಾ ಬಳಕೆಯಿಂದ ಬಿದ್ದುಹೋಯಿತು. ಸ್ಯಾನ್ ಫ್ರಾನ್ಸಿಸ್ಕೊದ ಹಳೆಯ ಅಚ್ಚುಗಳು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿವೆ. ಈ ತಿನಿಸಿನ ರುಚಿ, ಅಳತೆ, ಮಾಡುವವರ ಜನಾಂಗ, ಮಾರುವ ಹೆಸರು ಎಲ್ಲವೂ ಬದಲಾದವು. ಯಂತ್ರ ಬರುವ ತನಕ ಬದಲಾಗದೆ ಇದ್ದದ್ದು ಅಚ್ಚು. ಅದರಿಂದಲೇ ಮೂಲ ಪತ್ತೆಯಾಯಿತು.

ದೈವದ ನುಡಿಯನ್ನು ಕೇಳಿ ಬರುವ ವರ್ಷದ ಮಳೆಬೆಳೆ ಊಹಿಸುವ ರೂಢಿ ವಿಜಯಪುರದ ಕಡೆಗೂ ಇದೆ. ಬಬಲಾದಿ ಮಠದ ಶಿವರಾತ್ರಿ ಜಾತ್ರೆಯ ಕಾಲಜ್ಞಾನದ ನುಡಿ ಅದಕ್ಕೆ ಹೆಸರಾದ ಉದಾಹರಣೆ. ಇಲ್ಲಿ ಅದು ಬಾಯಿಮಾತಾಗಿಯೇ ಉಳಿದಿದೆ, ತಿನಿಸಿನ ಒಳಗೆ ಸೇರಿಲ್ಲ. ಎರಡು ಪ್ರದೇಶಗಳ ನಡುವೆ ಹೋಲಿಸಬೇಕಾದದ್ದು ಬೇಯಿಸುವ ಪರಿಕರವನ್ನೇ.

ಜೋಳ ಬಂದ ದಾರಿ

ಜೋಳ ಆಫ್ರಿಕಾದ ಧಾನ್ಯ. ಪೂರ್ವ ಸುಡಾನಿನ ಕಸ್ಸಲಾ ಸೀಮೆಯ ಪುರಾತನ ನೆಲೆಯೊಂದರಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ಜೋಳದ ಹೊಟ್ಟಿನ ಗುರುತುಗಳಿವೆ. ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದಲ್ಲಿ ಅಲ್ಲಿಯ ಜನ ಕಾಡುಜೋಳವನ್ನು ಬೆಳೆಯಾಗಿ ಪಳಗಿಸುತ್ತಿದ್ದರೆಂದು ಅವುಗಳಿಂದ ತಿಳಿದುಬಂದಿದೆ. ಭಾರತ ಉಪಖಂಡಕ್ಕೆ ಅದು ಬಂದದ್ದು ಸುಮಾರು ಕ್ರಿ.ಪೂ. 2000ದ ಆಸುಪಾಸಿನಲ್ಲಿ. ಸಜ್ಜೆ ಪಶ್ಚಿಮ ಆಫ್ರಿಕಾದಿಂದಲೂ ರಾಗಿ ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದಲೂ ಬಂದವು. ಕರ್ನಾಟಕದ ಮೂರು ಮುಖ್ಯ ಒಣಬೇಸಾಯದ ಧಾನ್ಯಗಳೂ ಒಂದೇ ಖಂಡದಿಂದ ಬಂದವು ಎಂಬುದು ಗಮನಿಸಬೇಕಾದ ಸಂಗತಿ.

ಅದಕ್ಕೂ ಮೊದಲು ಈ ನೆಲದಲ್ಲಿ ಬೇಸಾಯವಿತ್ತು. ಬಳ್ಳಾರಿಯ ಸಂಗನಕಲ್ಲು, ತೆಕ್ಕಲಕೋಟೆ ಮುಂತಾದ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ಪರೀಕ್ಷಿಸಿದಾಗ ಕೊರಲೆಯಂಥ ಕಿರುಧಾನ್ಯಗಳು, ಹುರುಳಿ ಮತ್ತು ಹೆಸರು ಅಂದಿನ ಮುಖ್ಯ ಬೆಳೆಗಳಾಗಿದ್ದವೆಂದು ತಿಳಿದಿದೆ. ಅದೇ ನೆಲೆಗಳಲ್ಲಿ ಬಂಡೆಯ ಮೇಲೆ ಕಾಳು ತೇದು ತೇದು ಸವೆದ ತಗ್ಗುಗಳೂ ಅಂಗೈಯಲ್ಲಿ ಹಿಡಿದು ಅರೆಯುವ ಗುಂಡುಗಳೂ ಇವೆ. ಕಾಳನ್ನು ಹಿಟ್ಟು ಮಾಡುವ ಕೆಲಸ ಈ ನೆಲಕ್ಕೆ ಜೋಳಕ್ಕಿಂತ ಹಳೆಯದು. ಹೊರಗಿನಿಂದ ಬಂದ ಕಾಳು ಇಲ್ಲಿ ಮೊದಲೇ ಇದ್ದ ಕಲ್ಲಿಗೆ ಬಿತ್ತು.

ಬಂದ ಮೇಲೆ ಜೋಳ ಇಲ್ಲಿಯದೇ ಆಯಿತು. ವಿಜಯಪುರ, ಕಲಬುರಗಿ, ಸೊಲ್ಲಾಪುರಗಳ ಎರಿ ಮಣ್ಣು ಮುಂಗಾರಿನ ನೀರನ್ನು ಆಳದಲ್ಲಿ ಹಿಡಿದಿಡುತ್ತದೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಆ ಹಸಿಯನ್ನೇ ನೆಚ್ಚಿ, ಮೇಲೆ ಮಳೆ ಬೀಳದಿದ್ದರೂ, ಫೆಬ್ರುವರಿ-ಮಾರ್ಚಿಗೆ ಕೊಯಿಲಿಗೆ ಬರುತ್ತದೆ. ಜತ್ತದ ಕಡೆಯಿಂದ ಹರಿದು ಬರುವ ಡೋಣಿ ನದಿಯ ಇಕ್ಕೆಲದ ಹೊಲಗಳು ಇದಕ್ಕೆ ಹೆಸರುವಾಸಿ. ಡೋಣಿ ಸಾಲು ಬೆಳೆದರೆ ಓಣಿ ಓಣಿಗೂ ಕಾಳು ಎಂಬ ಅರ್ಥದ ಗಾದೆ ಈ ಸೀಮೆಯಲ್ಲಿ ಇಂದಿಗೂ ಕೇಳಿಬರುತ್ತದೆ. ಇಲ್ಲಿಯ ರೊಟ್ಟಿಗೆ ಹೆಚ್ಚು ಬಳಕೆಯಾಗುವುದು ಮಾಲದಂಡಿ ಬಿಳಿಜೋಳ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ನಾಟಿ ಮಾಲದಂಡಿಯಿಂದ ಆರಿಸಿ ತೆಗೆದ ಎಂ 35-1 ತಳಿ ಬಂದು ಎಂಟು ದಶಕಗಳಿಗೂ ಮಿಕ್ಕಿದೆ. ರೊಟ್ಟಿಯ ರುಚಿಯಲ್ಲಿ ಅದನ್ನು ಮೀರಿಸುವ ತಳಿ ಇಲ್ಲವೆಂದು ರೈತರು ಇಂದಿಗೂ ಹೇಳುತ್ತಾರೆ. 1930ರ ದಶಕದಲ್ಲಿ ದೇಶದ ಒಣಬೇಸಾಯ ಸಂಶೋಧನೆಗೆಂದು ಆರಿಸಿಕೊಂಡ ಐದು ಕೇಂದ್ರಗಳಲ್ಲಿ ಬಿಜಾಪುರವೂ (ಇಂದಿನ ವಿಜಯಪುರ) ಸೊಲ್ಲಾಪುರವೂ ಇದ್ದವು.

ರೊಟ್ಟಿಯ ಜೊತೆಗಿನ ತಾಟು ಇನ್ನಷ್ಟು ಮಿಶ್ರ. ಶೇಂಗಾ ಹಿಂಡಿಯ ಶೇಂಗಾ, ಕೆಂಪು ಖಾರದ ಮೆಣಸಿನಕಾಯಿ ಎರಡೂ ದಕ್ಷಿಣ ಮತ್ತು ಮಧ್ಯ ಅಮೆರಿಕದವು. ಪೋರ್ಚುಗೀಸರು ಬಂದ ನಂತರವೇ ಇಲ್ಲಿ ಹರಡಿದವು. ಗುರೆಳ್ಳು ಇಥಿಯೋಪಿಯಾದ ಬೆಳೆ. ಜೋಳದ ಹೊಲದ ಅಕ್ಕಡಿ ಸಾಲಿನ ಕುಸುಬಿ ಪಶ್ಚಿಮ ಏಷ್ಯಾದಿಂದ ಬಂದದ್ದು. ಪದಾರ್ಥಗಳನ್ನು ಮಾತ್ರ ನೋಡಿದರೆ ಉತ್ತರ ಕರ್ನಾಟಕದ ಊಟ ನಾಲ್ಕು ದಿಕ್ಕಿನದು.

ಬೀಸುವ ಕಲ್ಲಿನಿಂದ ಬುತ್ತಿಯವರೆಗೆ

ರೊಟ್ಟಿಗೆ ರೂಪ ಕೊಟ್ಟದ್ದು ಜೋಳದ ಒಂದು ಕೊರತೆ. ಗೋದಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನು ಜೋಳದಲ್ಲಿಲ್ಲ. ಗೋದಿ ಕಣಕವನ್ನು ಎಳೆದರೆ ಹಿಗ್ಗುತ್ತದೆ; ಜೋಳದ ಹಿಟ್ಟು ಹರಿಯುತ್ತದೆ. ಹಾಗಾಗಿ ಕುದಿಯುವ ನೀರನ್ನು, ಅಂದರೆ ಎಸರನ್ನು, ಹಿಟ್ಟಿಗೆ ಸುರಿಯುತ್ತಾರೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಗಂಜಿಯಾಗುತ್ತವೆ; ಆ ಗಂಜಿಯೇ ಹಿಟ್ಟನ್ನು ಕಟ್ಟಿಹಿಡಿಯುವ ಅಂಟು. ಎಳೆಯಲು, ಲಟ್ಟಿಸಲು ಒಪ್ಪದ ಈ ಹಿಟ್ಟನ್ನು ಅಂಗೈಯಿಂದ ಬಡಿದು ತಿರುಗಿಸುತ್ತ ಅಗಲ ಮಾಡಬೇಕಾಗುತ್ತದೆ. ರೊಟ್ಟಿ ಬಡಿಯುವ ಸದ್ದಿನ ಹಿಂದೆ ಇರುವ ಕಾರಣ ಇಷ್ಟೇ. ಮಿಕ್ಕ ಪರಿಕರಗಳೆಲ್ಲ ಈ ಒಂದು ಅಗತ್ಯಕ್ಕೆ ತಕ್ಕಂತೆ ರೂಪುಗೊಂಡಿವೆ.

ಮೊದಲನೆಯದು ಬೀಸುವ ಕಲ್ಲು. ನವಶಿಲಾಯುಗದಲ್ಲಿ ಹಿಂದೆ ಮುಂದೆ ತಿಕ್ಕಿ ಅರೆಯುವ ಕಲ್ಲು ಇತ್ತು. ಒಂದರ ಮೇಲೊಂದು ತಿರುಗುವ ಜೋಡಿ ಕಲ್ಲು ದಖ್ಖನಿನಲ್ಲಿ ಬಳಕೆಗೆ ಬಂದದ್ದು ಬಹಳ ಶತಮಾನಗಳ ನಂತರ. ಕೆಳಗಿನ ಕಲ್ಲು ಕದಲುವುದಿಲ್ಲ. ಮೇಲಿನ ಕಲ್ಲಿನ ಬಾಯಿಗೆ ಕಾಳು ಹಾಕಿ ಗೂಟ ಹಿಡಿದು ತಿರುಗಿಸುತ್ತಾರೆ. ಸವೆದ ಕಲ್ಲಿಗೆ ಆಗಾಗ ಉಳಿಯಿಂದ ಕಚ್ಚು ಹಾಕಿಸಬೇಕು. ಇಲ್ಲವಾದರೆ ಕಾಳು ಒಡೆಯುತ್ತದೆಯೇ ಹೊರತು ನುಣ್ಣಗಾಗುವುದಿಲ್ಲ. ಬೀಸಿ ಬಹಳ ದಿನ ಇಟ್ಟ ಜೋಳದ ಹಿಟ್ಟು ಜಿಗಿ ಕಳೆದುಕೊಳ್ಳುವುದರಿಂದ ದಿನದಿನವೂ ಬೀಸುವುದು ಅನಿವಾರ್ಯವಾಗಿತ್ತು. ಬೆಳಗಿನ ಜಾವದ ಈ ದುಡಿಮೆಯೇ ಬೀಸುವ ಪದಗಳೆಂಬ ದೊಡ್ಡ ಹಾಡಿನ ಸಂಪತ್ತಿಗೆ ತವರು.

ಎರಡನೆಯದು ನಾದುವ ಮತ್ತು ಬಡಿಯುವ ನೆಲೆ. ಅಂಚು ಎತ್ತರಿಸಿದ ಅಗಲವಾದ ಕಟ್ಟಿಗೆಯ ತಟ್ಟೆಯನ್ನು ಬಡಿಗರು ಒಂದೇ ತುಂಡಿನಲ್ಲಿ ಕೆತ್ತಿಕೊಡುತ್ತಿದ್ದರು. ಹಲವೆಡೆ ಅದಕ್ಕೆ ಕೊಣಮಿಗೆ ಎನ್ನುತ್ತಾರೆ. ಕಟ್ಟಿಗೆ ಹಿಟ್ಟಿನ ಬಿಸಿಯನ್ನು ಬೇಗ ಆರಿಸುವುದಿಲ್ಲ. ಹಿಟ್ಟು ಬೆಚ್ಚಗಿದ್ದಷ್ಟು ಹೊತ್ತು ಅಂಚು ಒಡೆಯದೆ ರೊಟ್ಟಿ ದುಂಡಗೆ ಬೆಳೆಯುತ್ತದೆ. ಸ್ಟೀಲಿನ ಪರಾತ, ಗ್ರಾನೈಟ್ ಕಟ್ಟೆಗಳು ಈಗ ಆ ಜಾಗ ಹಿಡಿದಿವೆ.

ಮೂರನೆಯದೂ ಮುಖ್ಯವಾದುದೂ ಹಂಚು. ಮೊದಲಿಗೆ ಇದ್ದದ್ದು ಕುಂಬಾರರು ಮಾಡಿ ಆವಿಗೆಯಲ್ಲಿ ಸುಟ್ಟ ಮಣ್ಣಿನ ಹಂಚು. ಅದು ನಿಧಾನಕ್ಕೆ ಕಾದು, ಕಾವನ್ನು ಎಲ್ಲ ಕಡೆ ಸಮನಾಗಿ ಹಂಚಿ, ಬಹಳ ಹೊತ್ತು ಹಿಡಿದಿಡುತ್ತದೆ. ಆದರೆ ಸೀಳು ಬಿಡುತ್ತದೆ. ಕಂಬಾರರು ತಗಡು ಬಡಿದು ಮಾಡಿದ ಕಬ್ಬಿಣದ ಹಂಚು ಬೇಗ ಕಾಯುತ್ತದೆ, ಒಡೆಯುವುದಿಲ್ಲ; ಉರಿ ಹೆಚ್ಚಾದರೆ ಮಾತ್ರ ರೊಟ್ಟಿ ಕರಕಾಗುತ್ತದೆ. ಬೇಯಿಸುವ ಕ್ರಮ ಎರಡಕ್ಕೂ ಒಂದೇ. ಹಂಚಿಗೆ ಹಾಕಿದ ರೊಟ್ಟಿಯ ಮೇಲ್ಮೈಗೆ ಅರಿವೆಯ ತುಣುಕಿನಿಂದ ನೀರು ಸವರುತ್ತಾರೆ. ಇದರಿಂದ ಒಣಹಿಟ್ಟು ಹೋಗಿ, ಮೇಲ್ಪದರ ಬಿರಿಯದೆ ಮುಚ್ಚಿಕೊಳ್ಳುತ್ತದೆ. ತಿರುವಿ ಹಾಕಿದ ಮೇಲೆ ಒಳಗಿನ ನೀರು ಆವಿಯಾಗಿ ಎರಡು ಪದರಗಳನ್ನು ಬೇರ್ಪಡಿಸುತ್ತದೆ, ರೊಟ್ಟಿ ಉಬ್ಬುತ್ತದೆ. ಕೊನೆಗೆ ಅದನ್ನು ಒಲೆಯ ಬಾಯಿಗೆ ಒರಗಿಸಿ ಕೆಂಡದ ಕಾವಿನಲ್ಲಿ ಸುಡುವುದುಂಟು.

ಹೀಗೆ ಬೆಂದ ರೊಟ್ಟಿಯನ್ನು ಒಲೆಯ ಸುತ್ತ ನಿಲ್ಲಿಸಿ ಪೂರ್ತಿ ಒಣಗಿಸಿದರೆ ಖಡಕ್ ರೊಟ್ಟಿ. ನೀರಿನಂಶ ತೀರ ಕಡಿಮೆಯಾಗುವುದರಿಂದ ಬೂಸುರು ಹಿಡಿಯದೆ ತಿಂಗಳುಗಟ್ಟಲೆ ಉಳಿಯುತ್ತದೆ. ದೂರದ ಸಂತೆ, ಪಂಢರಪುರದ ವಾರಿ, ಹೊಲದ ವಸ್ತಿಗೆ ಕಟ್ಟುವ ಬುತ್ತಿಗೆ ಇದೇ ಆಧಾರ. ನಾಗರಪಂಚಮಿಯ ಹೊತ್ತಿನ ರೊಟ್ಟಿ ಹಬ್ಬದಲ್ಲಿ ಮನೆಮನೆಗೆ ರೊಟ್ಟಿ ಬೀರುವುದು, ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿನಿಂದ ಲಕ್ಷಗಟ್ಟಲೆ ರೊಟ್ಟಿ ದಾಸೋಹಕ್ಕೆ ಹೋಗುವುದು ಕೆಡದೆ ಉಳಿಯುವ ಈ ಗುಣದಿಂದ ಸಾಧ್ಯವಾಗಿದೆ. ಇಷ್ಟು ದೊಡ್ಡ ಸಂಖ್ಯೆಯ ರೊಟ್ಟಿ ಕೂಡುವುದು ಒಂದು ದೊಡ್ಡ ಒಲೆಯಿಂದಲ್ಲ. ಸಾವಿರಾರು ಮನೆಗಳ ಒಂದೊಂದು ಹಂಚಿನಿಂದ.

ಈ ಪರಿಕರಗಳನ್ನು ದುಡ್ಡು ಕೊಟ್ಟು ಕೊಳ್ಳುವುದು ಇತ್ತೀಚಿನ ರೂಢಿ. ಆಯಗಾರರ ಪದ್ಧತಿಯಲ್ಲಿ ಕುಂಬಾರ, ಕಂಬಾರ, ಬಡಿಗರು ವರ್ಷವಿಡೀ ಊರಿಗೆ ಬೇಕಾದದ್ದನ್ನು ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣದಿಂದ ಕಾಳಿನ ಪಾಲು ಪಡೆಯುತ್ತಿದ್ದರು. ಜೋಳ ಹಂಚಿನ ಬೆಲೆಯೂ ಆಗಿತ್ತು.

ಬರಹದ ಆಧಾರ

ಹಳಗನ್ನಡ ಕಾವ್ಯಗಳಲ್ಲಿ ಬರುವ ಜೋಳವಾಳಿ, ಅಂದರೆ ಅನ್ನ ಕೊಟ್ಟ ಒಡೆಯನಿಗೆ ಜೀವ ತೆತ್ತಾದರೂ ಸಲ್ಲಿಸಬೇಕಾದ ಋಣ, ಹತ್ತನೆಯ ಶತಮಾನದ ಹೊತ್ತಿಗೆ ಜೋಳವೇ ಈ ನಾಡಿನ ಅನ್ನವಾಗಿತ್ತೆಂದು ತೋರಿಸುತ್ತದೆ. ಅಡುಗೆಯನ್ನೇ ಕುರಿತ ಗ್ರಂಥಗಳಲ್ಲಿ ಜೋಳಕ್ಕೆ ಅಷ್ಟು ಮನ್ನಣೆಯಿಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅನ್ನಭೋಗಕ್ಕೆ ಒಂದು ಭಾಗವೇ ಮೀಸಲು. ಅದರಲ್ಲಿ ಗೋದಿಯನ್ನು ತೊಳೆದು ಒಣಗಿಸಿ, ಬೀಸಿ, ಜರಡಿ ಹಿಡಿದು, ತುಪ್ಪ ಉಪ್ಪು ಬೆರೆಸಿ ನಾದಿ, ಕೈಯಿಂದ ಅಗಲಿಸಿ ಮಣ್ಣಿನ ಹಂಚಿನ ಮೇಲೆ ಬೇಯಿಸುವ ಮಂಡಕದ ವಿವರ ಬರುತ್ತದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ ಸೂಪಶಾಸ್ತ್ರ ಪಿಷ್ಟಪಾಕದಿಂದ, ಅಂದರೆ ಹಿಟ್ಟಿನ ಅಡುಗೆಗಳಿಂದ, ಆರಂಭವಾಗುತ್ತದೆ. ಅದರಲ್ಲಿ ಹಲವು ಬಗೆಯ ರೊಟ್ಟಿಗಳಿವೆ. ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ ಮುಚ್ಚಳ ರೊಟ್ಟಿಯೂ ಒಂದು. ಎರಡೂ ಮಗ್ಗುಲಿನಿಂದ ಒಟ್ಟಿಗೆ ಕಾವು ಕೊಡುವ ಕ್ರಮ ಕ್ಯೋಟೊದ ಕಾತಾಕ್ಕಷ್ಟೇ ಗೊತ್ತಿದ್ದದ್ದಲ್ಲ.

ಮಂಡಕದ ಮುಂದುವರಿಕೆಯಂತಿರುವ ಮಂಡಿಗೆ ಬೆಳಗಾವಿಯಲ್ಲಿ ಇಂದಿಗೂ ಉಳಿದಿದೆ. ಕಣಕವನ್ನು ಕೈಗಳ ಮೇಲೆ ಇಳಿಬಿಟ್ಟು ವಸ್ತ್ರದಷ್ಟು ತೆಳ್ಳಗೆ ಹಿಗ್ಗಿಸಿ, ಬೋರಲು ಹಾಕಿದ ಕಡಾಯಿಯ ಬೆನ್ನಿಗೆ ಹೊದಿಸಿ ಬೇಯಿಸುತ್ತಾರೆ. ಸಕ್ಕರೆಯ ಹೂರಣವಿರುವ ಮಂಡಿಗೆಯನ್ನು ಬಿಸಿಯಿರುವಾಗಲೇ ಮಡಚಬೇಕು. ಆರಿದರೆ ಮಡಿಕೆಯ ಗೆರೆಯಲ್ಲಿ ಮುರಿಯುತ್ತದೆ. ಜಪಾನಿನ ಬಿಸ್ಕತ್ತನ್ನು ಅಚ್ಚಿನಿಂದ ತೆಗೆದ ಕ್ಷಣವೇ ಮಡಚುವುದಕ್ಕೂ ಇದೇ ಕಾರಣ. ಸಕ್ಕರೆ ಬಿಸಿಯಲ್ಲಿ ಮೆತ್ತಗಿದ್ದು, ಆರಿದಾಗ ಗಾಜಿನಂತೆ ಬಿರುಸಾಗುತ್ತದೆ.

ಮಾನಸೋಲ್ಲಾಸ, ಸೂಪಶಾಸ್ತ್ರ ಎರಡೂ ಉಳ್ಳವರ ಅಡುಗೆಯ ಗ್ರಂಥಗಳು. ದುಡಿಯುವವರ ದಿನದ ಊಟವಾದ ಜೋಳದ ರೊಟ್ಟಿಯನ್ನು ವಿಧಿಯಾಗಿ ಬರೆದಿಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಬರಹದಲ್ಲಿರುವ ಈ ತೆರವನ್ನು ಪರಿಕರವೇ ತುಂಬಬೇಕು.

ಹೋಲಿಕೆಯ ಮಿತಿ

ಪರಿಕರದ ಸಾಕ್ಷ್ಯಕ್ಕೂ ಮಿತಿಯಿದೆ. ಕರ್ನಾಟಕದ ಪಡ್ಡಿನ ಹಂಚಿನಲ್ಲಿರುವ ಗುಳಿಗಳು ಜಪಾನಿನ ತಕೊಯಾಕಿ ಹಂಚಿನಲ್ಲೂ ಡೆನ್ಮಾರ್ಕಿನ ಎಬ್ಲೆಸ್ಕಿವರ್ ಹಂಚಿನಲ್ಲೂ ಇವೆ. ತಕೊಯಾಕಿ ಒಸಾಕಾದಲ್ಲಿ 1935ರಲ್ಲಿ ಹುಟ್ಟಿದ್ದು. ಪಡ್ಡು ಅದಕ್ಕಿಂತ ಎಷ್ಟೋ ಹಳೆಯದು. ಇವು ಒಂದರಿಂದ ಇನ್ನೊಂದು ಬಂದವು ಎನ್ನಲು ಆಧಾರವಿಲ್ಲ. ತೆಳುಹಿಟ್ಟನ್ನು ದುಂಡಗೆ ಬೇಯಿಸಬೇಕೆಂದವರಿಗೆ ಗುಳಿಯೇ ಸಹಜವಾಗಿ ಹೊಳೆಯುವ ಉಪಾಯ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ಎಂಬ ಕ್ರಿಸ್ಮಸ್ ತಿನಿಸುಗಳ ಸಾಲಿಗೆಂದು ಹೂವಿನಾಕಾರದ ಕಬ್ಬಿಣದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುವ ತಿನಿಸಿದೆ. ಸ್ವೀಡನ್, ನಾರ್ವೆಗಳಲ್ಲೂ ಅಂಥದೇ ಅಚ್ಚು ಇದೆ. ಇಲ್ಲಿ ಕರಾವಳಿಗೆ ಯುರೋಪಿನವರ ಸಂಪರ್ಕ ಬಂದ ಚರಿತ್ರೆ ಗೊತ್ತಿರುವುದರಿಂದ ಹೋಲಿಕೆಗೆ ತೂಕ ಬರುತ್ತದೆ.

ಆಕಾರ ಒಂದೇ ಇದ್ದ ಮಾತ್ರಕ್ಕೆ ಮೂಲ ಒಂದೇ ಆಗುವುದಿಲ್ಲ. ಜನ ಓಡಾಡಿದ ದಾರಿ, ಕಾಲದ ಗುರುತು, ಮಾಡಿದವರ ಹೆಸರು ಜೊತೆಗಿರಬೇಕು. ಕಾತಾದ ವಿಷಯದಲ್ಲಿ ವಲಸೆಯ ದಾಖಲೆ ಇತ್ತು, 1878ರ ಚಿತ್ರವಿತ್ತು, ಅಚ್ಚುಗಳನ್ನು ಕಾಪಾಡಿದ ಮನೆತನಗಳಿದ್ದವು. ಜೋಳದ ರೊಟ್ಟಿಯ ಹಂಚಿನ ವಿಷಯದಲ್ಲಿ ಇಂಥ ದಾಖಲೆ ಇನ್ನೂ ಕೂಡಬೇಕಾಗಿದೆ.

ಯಂತ್ರದ ಕಾಲ

ಊರೂರಿಗೆ ಹಿಟ್ಟಿನ ಗಿರಣಿ ಬಂದದ್ದೇ ಬೀಸುವ ಕಲ್ಲು ಹಿತ್ತಲು ಸೇರಿತು. ಗ್ಯಾಸ್ ಒಲೆ ಬಂದು ಮಣ್ಣಿನ ಹಂಚು ಹೋಯಿತು, ಕೆಂಡಕ್ಕೆ ಒರಗಿಸುವ ಕೊನೆಯ ಹಂತವೂ ಹೋಯಿತು. ನೀರಾವರಿ ಬಂದ ತಿಕೋಟಾ, ಬಬಲೇಶ್ವರ ಕಡೆಯ ಹಲವು ಹೊಲಗಳಲ್ಲಿ ದ್ರಾಕ್ಷಿ, ಕಬ್ಬು ಬೆಳೆಯುತ್ತಿವೆ. ಆದರೂ ರೊಟ್ಟಿಯ ಬೇಡಿಕೆ ತಗ್ಗಿಲ್ಲ. ಹುಬ್ಬಳ್ಳಿ, ವಿಜಯಪುರ, ಬೆಂಗಳೂರುಗಳ ಖಾನಾವಳಿಗಳಿಗೂ ಅಂಗಡಿಗಳಿಗೂ ರೊಟ್ಟಿ ಬಡಿದು ಕೊಡುವುದು ಸಾವಿರಾರು ಹೆಣ್ಣುಮಕ್ಕಳ, ಸ್ವಸಹಾಯ ಸಂಘಗಳ ದುಡಿಮೆಯಾಗಿದೆ. ಕಾದ ಎರಡು ಫಲಕಗಳ ನಡುವೆ ಉಂಡೆಯನ್ನು ಒತ್ತುವ ರೊಟ್ಟಿ ಯಂತ್ರಗಳೂ ಬಂದಿವೆ. ಜೋಳದ ಹಿಟ್ಟಿನ ಹದ ಕಾಳಿನ ತಳಿ, ಹಿಟ್ಟಿನ ವಯಸ್ಸು, ಎಸರಿನ ಬಿಸಿಗೆ ತಕ್ಕಂತೆ ಬದಲಾಗುವುದರಿಂದ ಹದ ನೋಡುವ ಕೈ ಇನ್ನೂ ಬೇಕಾಗಿದೆ. ಫಾರ್ಚೂನ್ ಕುಕ್ಕಿಯಲ್ಲಿ ಕೈಗೆಲಸ ಬಹುತೇಕ ತೀರಿಹೋದಂತೆ ಇಲ್ಲಿ ಇನ್ನೂ ತೀರಿಲ್ಲ.

ಲಭ್ಯವಿರುವ ಆಧಾರಗಳಿಂದ ಇಷ್ಟು ಹೇಳಬಹುದು. ರೊಟ್ಟಿಯ ಕಾಳು ಆಫ್ರಿಕಾದ್ದು, ಅದರ ಜೊತೆಗಿನ ಖಾರ ಅಮೆರಿಕದ್ದು. ಅರೆಯುವ ಕಲ್ಲಿನ ಪರಂಪರೆ ದಖ್ಖನಿನಲ್ಲಿ ಜೋಳಕ್ಕಿಂತ ಹಿಂದಿನದು. ಮಣ್ಣಿನ ಹಂಚಿನ ಬಳಕೆಗೆ ಒಂಬೈನೂರು ವರ್ಷಗಳ ಬರಹದ ಸಾಕ್ಷ್ಯವಿದೆ. ಎಸರು ಹಾಕಿ, ಬಡಿದು, ನೀರು ಸವರಿ ಬೇಯಿಸುವ ಇಡೀ ಕ್ರಮ ಕೃಷ್ಣಾ-ಭೀಮಾ ನಡುವಿನ ಎರಿ ನೆಲದಲ್ಲಿ ಕನ್ನಡ, ಮರಾಠಿ ಎರಡೂ ಮನೆಗಳಲ್ಲಿ ಒಟ್ಟಾಗಿ ಬೆಳೆದಿರುವಂತೆ ಕಾಣುತ್ತದೆ. ಅದನ್ನು ಒಂದು ರಾಜ್ಯದ ಸ್ವತ್ತೆಂದು ವಾದಿಸುವುದರಲ್ಲಿ ಹುರುಳಿಲ್ಲ.

ತುರ್ತಾಗಿ ಆಗಬೇಕಾದದ್ದು ದಾಖಲೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕ ಇಂಥ ವಸ್ತುಗಳನ್ನು ಕೂಡಿಹಾಕಿ ದಾರಿ ತೋರಿಸಿವೆ. ಗೊಟಗೋಡಿಯಲ್ಲಿ ಜಾನಪದಕ್ಕೇ ಮೀಸಲಾದ ವಿಶ್ವವಿದ್ಯಾಲಯವೂ ಇದೆ. ಹಿತ್ತಲಿನಲ್ಲಿ ಬಿದ್ದಿರುವ ಬೀಸುವ ಕಲ್ಲು, ಅಟ್ಟದ ಮೇಲಿನ ಕೊಣಮಿಗೆ, ಮೂಲೆಗೆ ಸೇರಿದ ಮಣ್ಣಿನ ಹಂಚುಗಳನ್ನು ಜಿಲ್ಲಾವಾರು ಗುರುತಿಸಿ, ಮಾಡಿದವರ ಹೆಸರು, ಊರು, ಸುಮಾರು ವರ್ಷ, ಬಳಸುತ್ತಿದ್ದ ರೀತಿಗಳ ಸಮೇತ ಬರೆದಿಡುವ ಕೆಲಸವನ್ನು ವಿಶ್ವವಿದ್ಯಾಲಯಗಳೂ ಊರಿನ ಶಾಲೆಗಳೂ ಕೈಗೆತ್ತಿಕೊಳ್ಳಬೇಕು. ಅವನ್ನು ಮಾಡಿದ ಮತ್ತು ಬಳಸಿದ ಕೊನೆಯ ತಲೆಮಾರು ಬದುಕಿರುವಾಗಲೇ ಅದು ಆಗಬೇಕು.